ಲಾಗ್ ಫೈಲಿನಲ್ಲಿ ಅತ್ತೆಯ ಅರ್ಜಿ

ಸುಳ್ಳು ಹೇಳುವವನಿಗೆ ಬರಬಹುದಾದ ಅತಿ ದೊಡ್ಡ ಕಷ್ಟವೆಂದರೆ ಅವನ ಸುಳ್ಳು ಒಂದು ದಿನ ನಿಜವಾಗಿಬಿಡುವುದು. ನಮ್ಮ ಎರರಣ್ಣನಿಗೆ ಈ ಕಷ್ಟ ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಡ್ರೈವಿಂಗ್ ಲೈಸೆನ್ಸ್ ಕಚೇರಿಯ ಮೂರನೇ ಕೌಂಟರಿನಲ್ಲಿ. ಅವನು ಆಗಷ್ಟೇ ಕುರ್ಚಿಯ ಮೇಲೆ ಕೂತಿದ್ದ.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಇತ್ತು, ಸಂಬಳದ ಚೀಟಿಯಲ್ಲಿ ಅದೇ ಬರುತ್ತಿತ್ತು. ಆದರೆ ಕಚೇರಿಯಲ್ಲೂ ಬೀದಿಯಲ್ಲೂ ಎಲ್ಲರ ಬಾಯಲ್ಲಿ ಅವನು ಎರರಣ್ಣ. ಜನ ಮನೆಯಲ್ಲೇ ಕೂತು ವೆಬ್‌ಸೈಟಿನಲ್ಲಿ ಡ್ರೈವಿಂಗ್ ಟೆಸ್ಟಿಗೆ ಅರ್ಜಿ ಹಾಕುತ್ತಾರೆ, ಸೈಟು ತಾರೀಖು ಕೊಡುತ್ತದೆ, ತಾರೀಖು ಬದಲಾಗಬೇಕಾದರೆ ಮಾತ್ರ ಮೂರನೇ ಕೌಂಟರಿಗೆ ಬರುತ್ತಾರೆ. ಬಂದವರ ಕೆಲಸ ಮಾಡಿಕೊಡಲು ಮನಸ್ಸಿಲ್ಲದಾಗ ಇವನು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಹುಬ್ಬು ಗಂಟಿಕ್ಕಿ, "ಎರರ್ ಬರ್ತಿದೆ. ಐನೂರನೇ ನಂಬರಿನ ಎರರ್. ಹೇಳಿದ್ರೆ ನಿಮಗೆ ಅರ್ಥ ಆಗಲ್ಲ" ಎನ್ನುತ್ತಿದ್ದ. ಅರ್ಥ ಅವನಿಗೂ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹೇಳುವ ಗತ್ತು ನೋಡಿ ಸಾಹೇಬರೂ ಸೇರಿದಂತೆ ಇಡೀ ಕಚೇರಿ, ಈ ಮನುಷ್ಯ ಕಂಪ್ಯೂಟರನ್ನು ಅರೆದು ಕುಡಿದಿದ್ದಾನೆ ಎಂದು ನಂಬಿಬಿಟ್ಟಿತ್ತು.

ಈ ಎರರನ್ನು ಅವನು ಅತಿ ಹೆಚ್ಚು ಬಳಸಿದ್ದು ಮಾತ್ರ ಸ್ವಂತ ಅತ್ತೆಯ ಮೇಲೆ.

ಅತ್ತೆ ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಅಷ್ಟೂ ವರ್ಷ ನೋಟ್‌ಬುಕ್ಕುಗಳ ಚೀಲ ಹೊತ್ತು ಬಸ್ಸಿಗೆ ಕಾದವರು. ನಿವೃತ್ತರಾಗಿ, ಮಗಳ ಮನೆಯ ಮಹಡಿಗೆ ಬಂದು ಸೇರಿ, ಅರವತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಹಳೆಯ ಪುಟ್ಟ ಕಾರು ಕೊಂಡು, "ಇನ್ನು ಮೇಲೆ ಬಸ್ಸು ನನಗೆ ಕಾಯಲಿ" ಎಂದು ಘೋಷಿಸಿದ್ದರು. ಕಲಿಯುವ ಪರವಾನಗಿಯೂ ಸಿಕ್ಕಿತು. ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು ಎಂಬ ನಿಯಮದ ಪ್ರಕಾರ ಮೊದಲ ದಿನ ಕೂತವನು ಎರರಣ್ಣ. ಅತ್ತೆ ಗಾಡಿ ಓಡಿಸುವುದೂ ಲೆಕ್ಕ ಬಿಡಿಸಿದ ಹಾಗೆಯೇ. ಒಮ್ಮೆ ಶುರು ಮಾಡಿದರೆ ಮುಗಿಯುವ ತನಕ ಅಕ್ಕಪಕ್ಕ ನೋಡುವುದಿಲ್ಲ. ಅವತ್ತು ಎದುರುಮನೆಯ ಟೈಲರಿನ ಹೊಸ ಕಾಂಪೌಂಡು ಗೋಡೆಗೆ ಒಂದು ಗೇಣು ದೂರದಲ್ಲಿ ಕಾರು ನಿಂತಾಗ ಎರರಣ್ಣ ಎರಡೂ ಕೈಯಲ್ಲಿ ಸೀಟನ್ನು ಹಿಡಿದುಕೊಂಡಿದ್ದ. ಟೈಲರು ಗೋಡೆಯ ಆಚೆ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ಕಣ್ಣು ಮುಚ್ಚಿ ನಿಂತಿದ್ದ.

"ಅಣ್ಣಾ, ನಿಮ್ಮ ಆಫೀಸೇ ಅಲ್ವಾ ಲೈಸೆನ್ಸ್ ಕೊಡೋದು?" ಎಂದು ಆ ಸಂಜೆಯೇ ಅವನು ಬಂದು ಕೈ ಹಿಡಿದುಕೊಂಡ. "ಏನಾದ್ರೂ ಮಾಡಿ ಅಣ್ಣಾ. ಗೋಡೆಗೆ ಇನ್ನೂ ಬಣ್ಣ ಹೊಡೆಸಿಲ್ಲ."

ಏನಾದರೂ ಮಾಡಲು ಒಂದು ದಾರಿ ಇತ್ತು. ಎಪ್ಪತ್ತು ತುಂಬಿದವರಿಗೆ ಮೊದಲ ಲೈಸೆನ್ಸ್ ಕೊಡುವುದಿಲ್ಲ ಎಂಬುದು ಕಚೇರಿಯ ನಿಯಮ. ಅತ್ತೆಗೆ ಎಪ್ಪತ್ತು ತುಂಬುವುದು ಬರುವ ಶನಿವಾರ. ಅಲ್ಲಿಯ ತನಕ ಟೆಸ್ಟ್ ನಡೆಯದಿದ್ದರೆ ಅವರು ಈ ಜನ್ಮದಲ್ಲಿ ಲೈಸೆನ್ಸ್ ಕಾಣುವ ಹಾಗಿಲ್ಲ. ಅವರ ಅರ್ಜಿಯ ನಂಬರು 4417. ಟೆಸ್ಟಿನ ದಿನ ಹತ್ತಿರ ಬಂದಾಗಲೆಲ್ಲ ಎರರಣ್ಣ ಕೌಂಟರಿನಲ್ಲಿ ಕೂತು ಗುಟ್ಟಾಗಿ ತಾರೀಖು ಮುಂದಕ್ಕೆ ಹಾಕುತ್ತಿದ್ದ, ಮನೆಗೆ ಬಂದು "ಎರರ್ ಅತ್ತೆ, ರದ್ದಾಯ್ತು" ಎನ್ನುತ್ತಿದ್ದ. ಹೀಗೆ ಏಳು ಸಲ ಆಯಿತು. ಎಂಟನೇ ಸಲ, ಆ ಸೋಮವಾರ, ಅವನಿಗೆ ಬೇಜಾರು ಬಂತು. ವಾರ ವಾರ ಯಾರು ಒದ್ದಾಡುತ್ತಾರೆ ಎಂದುಕೊಂಡು ತಾರೀಖಿನ ಜಾಗದಲ್ಲಿ ಸೈಟು ಒಪ್ಪಿಕೊಂಡ ಕಟ್ಟಕಡೆಯ ದಿನವನ್ನು ಒತ್ತಿದ. 2999ನೇ ಇಸವಿ, ಡಿಸೆಂಬರ್ 31. ಶನಿವಾರ ದಾಟಿದ ಮೇಲೆ ಸರಿಮಾಡಿದರಾಯಿತು ಎಂದು ಕೈ ಒರೆಸಿಕೊಂಡ. ಗಂಟೆ ಒಂಬತ್ತು ಹದಿನಾಲ್ಕು.

ಒಂಬತ್ತು ಹದಿನೈದಕ್ಕೆ ಸೈಟು ಸತ್ತಿತು.

ಎಲ್ಲರ ಪರದೆಯೂ ಬೆಳ್ಳಗಾಗಿ ನಡುವೆ ಒಂದೇ ಒಂದು ಸಾಲು ಬಂತು: ಎರರ್ 500. ಅಷ್ಟು ವರ್ಷ ಬಾಯಿಮಾತಿನಲ್ಲಿ ಕರೆದ ಎರರು ಇಂದು ಖುದ್ದಾಗಿ ಬಂದು ಎದುರಿಗೆ ನಿಂತಿತ್ತು. ಹತ್ತು ಗಂಟೆಗೆ ಸಾಲು ಬಾಗಿಲು ದಾಟಿ ರಸ್ತೆಗೆ ಹೋಯಿತು. "ಎರರ್ ಬರ್ತಿದೆ" ಎಂದು ಎರರಣ್ಣ ಹೇಳಿದರೆ ಒಬ್ಬರೂ ನಂಬಲಿಲ್ಲ.

"ದಿನಾ ಇದೇ ಹೇಳ್ತೀರಿ!" ಎಂದ ಒಬ್ಬ ಲಾರಿ ಮಾಲೀಕ.

"ಇವತ್ತು ನಿಜ ಸ್ವಾಮಿ, ದೇವರಾಣೆ!" ಎಂದುಬಿಟ್ಟ ಎರರಣ್ಣ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಸಾಹೇಬರಿಂದ ಕರೆ ಬಂತು. ಸಾಹೇಬರು ತುಂಬ ಒಳ್ಳೆಯವರು, ಮೇಲಿನವರಿಂದ ಫೋನ್ ಬಂದರೆ ಮಾತ್ರ ಎದ್ದು ನಿಂತು ಮಾತಾಡುವವರು. ಎರರಣ್ಣ ಒಳಗೆ ಹೋದಾಗ ಅವರು ನಿಂತಿದ್ದರು.

"ನೋಡ್ರೀ, ಸೈಟ್ ಮಾಡಿದ ಕಂಪನಿಯವರ ಜೊತೆ ಮಾತಾಡಿದೆ. ಲಾಗ್ ಫೈಲ್ ನೋಡಿ ಅಂದ್ರು. ಏನದು ಲಾಗ್ ಫೈಲು?"

"ಅದು... ತುಂಬ ಆಳವಾದ ವಿಷಯ ಸಾರ್" ಎಂದ ಎರರಣ್ಣ.

"ಆಳ ಏನೂ ಇಲ್ವಂತೆ. ಸೈಟಿನ ದಿನಚರಿ ಅಂತೆ. ಯಾರು ಬಂದ್ರು, ಎಷ್ಟೊತ್ತಿಗೆ ಬಂದ್ರು, ಯಾವ ಕೌಂಟರಿನಿಂದ ಏನು ಮುಟ್ಟಿದ್ರು, ಯಾವ ತಾರೀಖು ಬದಲಾಯಿಸಿದ್ರು, ಸೆಕೆಂಡಿನ ಲೆಕ್ಕದಲ್ಲಿ ಎಲ್ಲಾ ಬರೆದಿರುತ್ತಂತೆ. ಶುರುವಿಂದ ಇವತ್ತಿನ ತನಕ. ಏನೂ ತಪ್ಪಿಸಿಕೊಳ್ಳೋ ಹಾಗಿಲ್ಲ ಅಂದ್ರು."

ಎರರಣ್ಣ ಮೇಜಿನ ಮೇಲಿದ್ದ ಸಾಹೇಬರ ನೀರಿನ ಲೋಟವನ್ನು ಎತ್ತಿ ಪೂರ್ತಿ ಕುಡಿದುಬಿಟ್ಟ. ಸಾಹೇಬರು ಅದನ್ನು ಕೆಲಸದ ಶ್ರದ್ಧೆ ಎಂದು ತಿಳಿದು ಮೆಚ್ಚಿಕೊಂಡರು.

"ನಾಳೆ ಮೂರು ಗಂಟೆಗೆ ಅವರ ಇಂಜಿನಿಯರ್ ಬರ್ತಾರೆ. ಅಷ್ಟರಲ್ಲಿ ನೀವು ಓದಿಟ್ಟಿರಿ. ಸೈಟ್ ಸತ್ತರೂ ಲಾಗ್ ಪುಟ ತೆರೆಯುತ್ತಂತೆ, ಆದ್ರೆ ಅದಕ್ಕೆ ನನ್ನ ಪಾಸ್‌ವರ್ಡೇ ಬೇಕಂತೆ. ಯಾರಿಗೂ ಕೊಡಬಾರದು ಅಂತ ಆದೇಶ ಇದೆ. ಅದಕ್ಕೇ ಚೀಟಿಯಲ್ಲಿ ಬರೆದು ಕೊಡ್ತಿದೀನಿ."

ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಎರರಣ್ಣ ಬಾಗಿಲು ಓರೆ ಮಾಡಿ ಲಾಗ್ ಪುಟ ತೆರೆದ. ಎರಡು ಲಕ್ಷ ಸಾಲು. ಹುಡುಕುವ ಜಾಗದಲ್ಲಿ 4417 ಎಂದು ಒತ್ತುವಾಗ ಎರಡು ಸಲ ತಪ್ಪಾಯಿತು. ಮೂರನೇ ಸಲ ಬಂತು. ದಿನ, ಗಂಟೆ, ನಿಮಿಷ, ಸೆಕೆಂಡು, ಕೌಂಟರ್ 3, ಅರ್ಜಿ 4417, ಟೆಸ್ಟ್ ತಾರೀಖು ಬದಲು. ಇಂಥ ಎಂಟು ಸಾಲು, ಒಂದಕ್ಕೂ ಕರುಣೆ ಎಂಬುದಿರಲಿಲ್ಲ.

ಪ್ರತಿ ಸಾಲಿನ ಕೊನೆಯಲ್ಲಿ 'ಅಳಿಸು' ಎಂಬ ಗುಂಡಿ ಇತ್ತು. ಅದನ್ನು ಕಂಡು ಎರರಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಮೊದಲ ಮೂರು ಸಾಲನ್ನು ಪಟಪಟನೆ ಅಳಿಸಿದ. ನಾಲ್ಕನೆಯದಕ್ಕೆ ಕೈ ಹಾಕುವ ಮುಂಚೆ ಕೆಳಗೆ ಕಣ್ಣು ಬಿತ್ತು. ಮೂರು ಹೊಸ ಸಾಲು ಹುಟ್ಟಿಕೊಂಡಿದ್ದವು: 'ಮುಖ್ಯಾಧಿಕಾರಿ ಒಂದು ಸಾಲು ಅಳಿಸಿದರು. ಅಳಿಸಿದ ಸಾಲು ಹೀಗಿತ್ತು.' ಅದರ ಮುಂದೆ, ಅಳಿಸಿದ್ದು ಪೂರ್ತಿ, ಒಂದಕ್ಷರ ಬಿಡದೆ.

ಚೀಟಿಯಲ್ಲಿದ್ದ ಪಾಸ್‌ವರ್ಡು ಸಾಹೇಬರದು, ಹಾಗಾಗಿ ಅಪರಾಧಿಯೂ ಈಗ ಸಾಹೇಬರೇ. ಎರರಣ್ಣ ಆ ಮೂರು ಸಾಲನ್ನು ಅಳಿಸಿದ. ಅಳಿಸಿದ್ದನ್ನು ಅಳಿಸಿದ್ದಕ್ಕೆ ಮತ್ತೆ ಮೂರು ಬಂದವು. ಅವನ್ನೂ ಅಳಿಸಿದ. ಇದೊಳ್ಳೆ ಪೀಕಲಾಟವಾಯಿತಲ್ಲ ಎಂದು ಬೆವರೊರೆಸಿಕೊಂಡು ಎಣಿಸಿದಾಗ, ಸಾಹೇಬರು ಇಪ್ಪತ್ತು ನಿಮಿಷದಲ್ಲಿ ನಲವತ್ತೊಂದು ಸಲ ಲಾಗ್ ಅಳಿಸಿದ ದಾಖಲೆ ಸಿದ್ಧವಾಗಿತ್ತು. ಅವನು ಪರದೆ ಆರಿಸಿ, ಹೊಟ್ಟೆನೋವೆಂದು ಹೇಳಿ ಮನೆಗೆ ಹೋದ. ಹೊಟ್ಟೆನೋವು ಸುಳ್ಳೇನಲ್ಲ.

ಸಂಜೆ ಕಾಫಿ ಕುಡಿಯುವಾಗ ಅತ್ತೆ ಮಹಡಿಯಿಂದ ಇಳಿದು ಬಂದರು. ಕೈಯಲ್ಲಿ ಪೆನ್ಸಿಲು, ಮೂಗಿನ ಮೇಲೆ ಕನ್ನಡಕ.

"ಅಳಿಯಂದಿರೇ, ನನ್ನ ಟೆಸ್ಟ್ ನಾಳೆ ಅಲ್ವಾ?"

"ಎರರ್ ಅತ್ತೆ."

"ಯಾವ ಎರರ್?"

"ಐನೂರು."

"ಹೋದ ತಿಂಗಳೂ ಐನೂರು. ಅದರ ಹಿಂದಿನ ತಿಂಗಳೂ ಐನೂರು. ಅರ್ಜಿ ಹಾಕಿದ ಇಷ್ಟು ಜನರಲ್ಲಿ ನನಗೊಬ್ಬಳಿಗೇ ಏಳು ಸಲ ಬರೋದು ಅಂದ್ರೆ, ಅದು ಆಕಸ್ಮಿಕವಾಗಿ ಆಗೋ ಸಾಧ್ಯತೆ ಎಷ್ಟು ಗೊತ್ತಾ ನಿಮಗೆ?"

ಎರರಣ್ಣ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಹಿಡಿದವನು ಹಾಗೇ ಹಿಡಿದಿದ್ದ. ಅದು ಕರಗಿ ಲೋಟದೊಳಗೆ ಬಿತ್ತು.

"ರೀ, ಅಮ್ಮನ ಒಂದು ಕೆಲಸ ಮಾಡಿಕೊಡೋಕೆ ಆಗಲ್ವಾ ನಿಮ್ಮ ಕೈಲಿ?" ಎಂದಳು ಹೆಂಡತಿ. "ಶನಿವಾರ ದಾಟಿದ್ರೆ ಮುಗೀತು. ಎಷ್ಟು ಆಸೆ ಇಟ್ಟುಕೊಂಡಿದಾರೆ. ಊರಿಗೆಲ್ಲಾ ಕಂಪ್ಯೂಟರ್ ಪಂಡಿತರು, ಮನೆಗೆ ಮಾತ್ರ ದಂಡ."

"ಅವರನ್ನ ಬೈಬೇಡ. ನಾಳೆ ನಾನೇ ಕಾರಲ್ಲಿ ಆಫೀಸಿಗೆ ಬರ್ತೀನಿ" ಎಂದರು ಅತ್ತೆ. "ಟೈಲರ್ ಹತ್ರ ಲೈಸೆನ್ಸ್ ಇದೆ, ಪಕ್ಕದಲ್ಲಿ ಕೂತ್ಕೋತಾನಂತೆ. ಆ ಐನೂರನ್ನ ನಾನೂ ಒಂದ್ಸಲ ನೋಡಬೇಕು."

ಮಂಗಳವಾರ ಮಧ್ಯಾಹ್ನ ಎರಡೂಮುಕ್ಕಾಲಿಗೆ ಕಚೇರಿಯ ಗೇಟಿನಲ್ಲಿ ಪುಟ್ಟ ಕಾರು ಜೋರಾಗಿ ಕೆಮ್ಮಿ ನಿಂತಿತು. ಮೊದಲು ಇಳಿದವನು ಟೈಲರು. ಇಳಿದವನೇ ಗೇಟಿನ ಕಂಬವನ್ನು ತಬ್ಬಿಕೊಂಡ.

"ನೀನು ಯಾಕೋ ಒಪ್ಪಿಕೊಂಡೆ?" ಎಂದು ಎರರಣ್ಣ ಪಿಸುಗುಟ್ಟಿದ.

"ಇಲ್ಲಿಗೆ ಬಂದ್ರೆ ಗೋಡೆಯಿಂದ ಅಷ್ಟು ದೂರ ಇರ್ತಾರಲ್ಲ ಅಣ್ಣಾ ಅಂತ. ಅರ್ಧ ದಾರಿಯಿಂದ ಕಣ್ಣೇ ಬಿಟ್ಟಿಲ್ಲ ನಾನು."

ಇಂಜಿನಿಯರ್ ಬಂದದ್ದು ಸರಿಯಾಗಿ ಮೂರು ಗಂಟೆಗೆ. ಮೂವತ್ತರ ಆಸುಪಾಸಿನ ಹೆಂಗಸು, ಹೆಗಲಿಗೆ ಕಪ್ಪು ಚೀಲ, ಮುಖದಲ್ಲಿ ಯಾವುದಕ್ಕೂ ಹೆದರದ ನೆಮ್ಮದಿ. ಆ ನೆಮ್ಮದಿ ಮೂರನೇ ಕೌಂಟರಿನ ಬೆಂಚಿನ ತನಕ ಮಾತ್ರ ಉಳಿಯಿತು. ಅಲ್ಲಿ ಕೂತಿದ್ದವರನ್ನು ಕಂಡು ಅವಳು ತಟ್ಟನೆ ಚೀಲ ಕೆಳಗಿಟ್ಟು ನೆಟ್ಟಗೆ ನಿಂತಳು.

"ಟೀಚರ್!"

"ಎಂಟನೇ ಕ್ಲಾಸು, ಬಿ ಸೆಕ್ಷನ್, ಕಿಟಕಿ ಪಕ್ಕ" ಎಂದರು ಅತ್ತೆ. "ಭಿನ್ನರಾಶಿ ಸರಿಹೋಯ್ತಾ?"

"ಹೋಯ್ತು ಟೀಚರ್" ಎಂದಳು ಇಂಜಿನಿಯರು, ಸುಳ್ಳು ಹೇಳುವವರ ದನಿಯಲ್ಲಿ. ಆಮೇಲೆ ಟೀಚರನ್ನು ಬೆಂಚಿನ ಮೇಲೆ ಬಿಟ್ಟು ತಾನು ಸಾಹೇಬರ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರುವ ಧೈರ್ಯ ಅವಳಿಗಾಗಲಿಲ್ಲ. "ನೀವೂ ಬನ್ನಿ ಟೀಚರ್, ಹೇಗೆ ಹುಡುಕೋದು ಅಂತ ತೋರಿಸ್ತೀನಿ" ಎಂದು ಕರೆದೊಯ್ದಳು. ಎರರಣ್ಣ ಹಿಂದೆ ಗೋಡೆಗೆ ಒರಗಿ ನಿಂತ.

ಲಾಗ್ ಪುಟ ತೆರೆಯಿತು. ಇಂಜಿನಿಯರ್ ಕೊನೆಯ ಸಾಲುಗಳನ್ನು ನೋಡಿ ಹುಬ್ಬೇರಿಸಿದಳು.

"ಸಾರ್, ನಿನ್ನೆ ಊಟದ ಹೊತ್ತಲ್ಲಿ ನೀವು ಲಾಗನ್ನ ನಲವತ್ತೊಂದು ಸಲ ಅಳಿಸಿದೀರಲ್ಲ?"

"ನಾನಾ?" ಸಾಹೇಬರು ಎದ್ದು ನಿಂತರು, ಫೋನೇ ಬಂದಿರಲಿಲ್ಲ. "ನಾನು ಊಟಕ್ಕೆ ಹೋಗಿದ್ದೆ! ನನಗೆ ಅಳಿಸೋಕೂ ಬರಲ್ಲ, ಉಳಿಸೋಕೂ ಬರಲ್ಲ!" ಅಷ್ಟು ಹೇಳುವಷ್ಟರಲ್ಲಿ ಚೀಟಿಯ ನೆನಪಾಗಿ ಅವರ ಬಾಯಿ ಮುಚ್ಚಿತು. ಅವರು ಎರರಣ್ಣನನ್ನು ನೋಡಿದರು, ಎರರಣ್ಣ ಕಿಟಕಿಯನ್ನು ನೋಡಿದ.

"ಇರಲಿ, ಅದು ಆಮೇಲೆ ನೋಡೋಣ" ಎಂದಳು ಇಂಜಿನಿಯರು. "ನೋಡಿ ಟೀಚರ್, ಎರರುಗಳು ಸಾವಿರಾರು ಇವೆ. ಎಲ್ಲರೂ ಕೊನೆಯದನ್ನ ನೋಡ್ತಾ ಕೂರ್ತಾರೆ. ಅದರಿಂದ ಏನೂ ಗೊತ್ತಾಗಲ್ಲ. ಮೊಟ್ಟಮೊದಲ ಎರರ್ ಎಲ್ಲಿ ಬಂತು, ಅದರ ಹಿಂದಿನ ಸಾಲಲ್ಲಿ ಏನಾಯ್ತು, ಅಷ್ಟನ್ನೇ ನೋಡಬೇಕು."

"ಲೆಕ್ಕ ತಪ್ಪಿದ್ರೂ ಹಾಗೇ" ಎಂದರು ಅತ್ತೆ. "ಉತ್ತರ ತಿದ್ದಬಾರದು. ಯಾವ ಹೆಜ್ಜೆಯಲ್ಲಿ ತಪ್ಪಿತು ಅಂತ ಹಿಂದಕ್ಕೆ ಹೋಗಬೇಕು."

ಹಿಂದಕ್ಕೆ ಹೋದರು. ಸೋಮವಾರ ಮಧ್ಯಾಹ್ನ, ಸೋಮವಾರ ಹನ್ನೊಂದು, ಹತ್ತು, ಒಂಬತ್ತೂವರೆ.

"ಸಿಕ್ತು! ಒಂಬತ್ತು ಹದಿನೈದು. ಕ್ಯಾಲೆಂಡರ್ ಪುಟ ಬಿಡಿಸೋಕೆ ಹೋಗಿ ಜಾಗ ಸಾಲದೆ ಬಿದ್ದಿದೆ. ಇದು ಕೊನೆಯ ಬುಕಿಂಗ್ ಇರೋ ದಿನದ ತನಕ ದಿನಕ್ಕೊಂದು ಚೌಕ ಬಿಡಿಸುತ್ತೆ ಟೀಚರ್. ಸಾಮಾನ್ಯವಾಗಿ ತೊಂಬತ್ತು ಚೌಕ. ಅದರ ಹಿಂದಿನ ಸಾಲು..." ಅವಳು ನಿಲ್ಲಿಸಿದಳು. "ಯಾರೋ ಒಂದು ಟೆಸ್ಟನ್ನ 2999ಕ್ಕೆ ಹಾಕಿದಾರೆ."

"ಮೂರೂವರೆ ಲಕ್ಷ ಚೌಕ ದಾಟುತ್ತೆ" ಎಂದರು ಅತ್ತೆ, ರೆಪ್ಪೆ ಹೊಡೆಯದೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಾಗಿದರು. "ಅರ್ಜಿ ನಂಬರ್ ಏನಿದೆ?"

"4417."

ಬಾಗಿಲಲ್ಲಿ ಇಣುಕುತ್ತಿದ್ದ ಟೈಲರು ಮೆಲ್ಲಗೆ ಜಾಗ ಖಾಲಿ ಮಾಡಿದ.

"ಆ ನಂಬರಿನ ಸಾಲುಗಳನ್ನೆಲ್ಲಾ ತೋರಿಸಮ್ಮ" ಎಂದರು ಅತ್ತೆ. ಅಳಿಸಿದ್ದೂ ಅಳಿಸದಿದ್ದೂ ಎಲ್ಲ ಬಂದವು. ಅತ್ತೆ ಹಾಜರಿ ಕರೆಯುವ ದನಿಯಲ್ಲಿ ಒಂದೊಂದೇ ಓದಿದರು. ದಿನ, ಗಂಟೆ, ನಿಮಿಷ, ಕೌಂಟರ್ ಮೂರು. ದಿನ, ಗಂಟೆ, ನಿಮಿಷ, ಕೌಂಟರ್ ಮೂರು. ಎಂಟನೆಯದು ಮುಗಿದ ಮೇಲೆ ಕುರ್ಚಿ ತಿರುಗಿಸಿದರು.

"ಅಳಿಯಂದಿರೇ, 2999, ಡಿಸೆಂಬರ್ ಮೂವತ್ತೊಂದು. ಅವತ್ತು ಜೊತೆಗೆ ಬರೋಕೆ ನಿಮಗೆ ಬಿಡುವಿದೆಯಾ?"

ಎರರಣ್ಣ ಗೋಡೆಗೆ ಇನ್ನಷ್ಟು ಒತ್ತಿಕೊಂಡ.

ಉತ್ತರ ಕೊಟ್ಟವರು ಸಾಹೇಬರು. "ಏನ್ರೀ ಇದು! ಇಡೀ ಜಿಲ್ಲೆಯ ಜನ ಎರಡು ದಿನ ಬಿಸಿಲಲ್ಲಿ ನಿಂತಿದಾರೆ! ನಿಮ್ಮ ಮೇಲೆ ಈಗಲೇ ವರದಿ ಬರೀತೀನಿ. ಸಸ್ಪೆಂಡು! ಎಲ್ಲಾ ಬರೀತೀನಿ, ಪಾಸ್‌ವರ್ಡ್ ಕದ್ದಿದ್ದು..." ಎಂದವರು ಅಲ್ಲಿಗೇ ನಿಂತರು. ಕದ್ದದ್ದಲ್ಲ, ಕೊಟ್ಟದ್ದು. ವರದಿಗೆ ಮೊದಲ ಸಾಕ್ಷಿ ಆ ಲಾಗು, ಲಾಗಿನಲ್ಲಿ ಇರುವುದು ಮುಖ್ಯಾಧಿಕಾರಿ, ನಲವತ್ತೊಂದು ಸಲ. ಅವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. "ಯಂತ್ರ ಅಂದ ಮೇಲೆ ಒಂದೊಂದು ಸಲ ದೋಷ ಆಗುತ್ತೆ. ಅಲ್ವೇನಮ್ಮಾ ಇಂಜಿನಿಯರೇ?"

ಇಂಜಿನಿಯರ್ ಟೀಚರ ಮುಖ ನೋಡಿದಳು.

"ವರದಿ ವಿಷಯ ನೀವು ನೀವು ನೋಡಿಕೊಳ್ಳಿ" ಎಂದರು ಅತ್ತೆ. "ನನ್ನ ತಾರೀಖು ಇವತ್ತಿಗೆ ಹಾಕಿ. ನಾಲ್ಕು ಗಂಟೆಗೆ."

ತಾರೀಖು ಇವತ್ತಿಗೆ ಬಂದ ಕ್ಷಣವೇ ಚೌಕಗಳು ತೊಂಬತ್ತಕ್ಕೆ ಇಳಿದು ಸೈಟು ಎದ್ದು ಕೂತಿತು. ಹೊರಗಿನ ಸಾಲಿನಿಂದ ಹೋ ಎಂದು ಕೂಗು ಕೇಳಿತು. ಇಂಜಿನಿಯರ್ ಚೀಲ ಹೆಗಲಿಗೇರಿಸಿ, ಯಾರೂ ಭಿನ್ನರಾಶಿ ಕೇಳುವ ಮುಂಚೆ ಹೊರಟುಹೋದಳು.

ನಾಲ್ಕಕ್ಕೆ ಐದು ನಿಮಿಷ. ಟೆಸ್ಟಿನ ಮೈದಾನದಲ್ಲಿ ಪುಟ್ಟ ಕಾರಿನ ಸ್ಟೀರಿಂಗಿನ ಮುಂದೆ ಅತ್ತೆ, ಹಿಂದಿನ ಸೀಟಿನಲ್ಲಿ ಎರರಣ್ಣ. ಪರೀಕ್ಷಕರು ಇನ್ನೂ ಬಂದಿರಲಿಲ್ಲ. ಈಗ ಬೈಗುಳ ಬರುತ್ತದೆ ಎಂದು ಅವನು ಕುತ್ತಿಗೆಯನ್ನು ಭುಜದೊಳಕ್ಕೆ ಎಳೆದುಕೊಂಡು ಕಾದ. ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಸ್ಟೀರಿಂಗಿನ ಮೇಲೆ ಅತ್ತೆಯ ಎರಡೂ ಕೈ ನಡುಗುತ್ತಿದ್ದವು.

"ಅತ್ತೆ, ತಪ್ಪಾಯ್ತು. ನನಗೆ ಹೆದರಿಕೆ."

"ಗೊತ್ತು. ಅವತ್ತು ನೀನು ಸೀಟನ್ನ ಹಿಡಿದುಕೊಂಡಿದ್ದು ನೋಡಿದ್ದೆ." ಮದುವೆಯಾದ ಹನ್ನೆರಡು ವರ್ಷದಲ್ಲಿ ಅತ್ತೆ ಅವನನ್ನು ಮೊದಲ ಸಲ 'ನೀನು' ಎಂದಿದ್ದರು. "ಒಂದು ಮಾತು ಹೇಳ್ತೀನಿ, ನನ್ನ ಮಗಳಿಗೆ ಹೇಳಬೇಡ. ಟೆಸ್ಟಿನ ಹಿಂದಿನ ದಿನ ನನಗೂ ಅನ್ನ ಇಳೀತಿರಲಿಲ್ಲ. ನೀನು ಬಂದು ರದ್ದಾಯ್ತು ಅಂದ ತಕ್ಷಣ, ಅಬ್ಬಾ, ಬದುಕಿದೆ ಅನ್ನಿಸ್ತಿತ್ತು. ಏಳು ಸಲಾನೂ. ಅದಕ್ಕೇ ನಾನು ಆಫೀಸಿಗೆ ಬಂದು ಕೇಳಲೇ ಇಲ್ಲ. ನಿನ್ನೆ ಲೆಕ್ಕ ಹಾಕಿದೆ, ಇನ್ನು ಐದೇ ದಿನ. ಆಗ ಬೇರೆ ಹೆದರಿಕೆ ಶುರುವಾಯ್ತು."

ಪರೀಕ್ಷಕರು ಬಂದು ಪಕ್ಕದಲ್ಲಿ ಕೂತು ಬೆಲ್ಟು ಬಿಗಿದುಕೊಂಡರು. ಅತ್ತೆ ಗಾಡಿ ತೆಗೆದರು. ನೇರ ರಸ್ತೆ ಸರಿಹೋಯಿತು. ತಿರುವಿನಲ್ಲಿ ಅಕ್ಕಪಕ್ಕ ನೋಡಿದರು, ಎರಡೆರಡು ಸಲ. ದಿಬ್ಬದ ಮೇಲೆ ಎಂಜಿನ್ ಒಮ್ಮೆ ನಿಂತಿತು, ಮತ್ತೆ ಹತ್ತಿತು. ಎರರಣ್ಣ ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ತುಳಿಯುತ್ತ ಕೂತಿದ್ದ. ಕೊನೆಯದು ರಿವರ್ಸು, ಎರಡೂ ಕಡೆ ನೆಟ್ಟ ಪ್ಲಾಸ್ಟಿಕ್ ಕಂಬಗಳ ನಡುವೆ. ಕಾರು ಅರ್ಧ ಹಿಂದೆ ಬಂದಿತ್ತು. ಟಪ್ ಎಂದಿತು.

"ಸಾರಿ ಮೇಡಂ" ಎಂದರು ಪರೀಕ್ಷಕರು. "ಉಳಿದದ್ದೆಲ್ಲಾ ಚೆನ್ನಾಗಿತ್ತು. ಕಂಬ ಬಿದ್ರೆ ಫೇಲ್."

"ಎಡಗಡೆ ಎರಡನೇ ಕಂಬ" ಎಂದರು ಅತ್ತೆ. "ಸ್ಟೀರಿಂಗ್ ತಿರುಗಿಸಿದ್ದು ಒಂದು ಗಳಿಗೆ ತಡವಾಯ್ತು. ನನಗೇ ಗೊತ್ತಾಯ್ತು." ಪರೀಕ್ಷಕರಿಗೆ ವಂದಿಸಿ, ಇಳಿದು, ಬಿದ್ದ ಕಂಬವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಆಮೇಲೆ ನೇರವಾಗಿ ಮೂರನೇ ಕೌಂಟರಿಗೆ ಹೋಗಿ ಜನರ ಜೊತೆ ಸಾಲಿನ ಕೊನೆಯಲ್ಲಿ ನಿಂತರು.

ಎರರಣ್ಣ ಓಡಿಹೋಗಿ ಒಳಗಡೆಯಿಂದ ಕುರ್ಚಿಯಲ್ಲಿ ಕೂತ. ಅತ್ತೆಯ ಸರದಿ ಬಂತು. ಅವನು ಪರದೆಯನ್ನು ಅವರ ಕಡೆ ತಿರುಗಿಸಿಟ್ಟು, ಎಲ್ಲಕ್ಕಿಂತ ಹತ್ತಿರದ ಖಾಲಿ ಜಾಗ ಹುಡುಕಿದ. ನಾಳೆ, ಬೆಳಿಗ್ಗೆ ಒಂಬತ್ತು ಗಂಟೆ. ಒತ್ತಲು ಹೋದರೆ ಬೆರಳು ನಿಲ್ಲುತ್ತಿಲ್ಲ.

"ಮತ್ತೆ ಯಾಕೆ ಕೈ ನಡುಗ್ತಿದೆ?" ಎಂದರು ಅತ್ತೆ. "ನಾನು ಓಡಿಸೋದಕ್ಕೆ ಇನ್ನೂ ಹೆದರಿಕೆಯಾ?"

"ಇಲ್ಲ ಅತ್ತೆ. ನಾಳೆ ನೀವು ಫೇಲಾಗಿಬಿಟ್ರೆ ಏನು ಮಾಡೋದು ಅಂತ."

ಅತ್ತೆ ಕಾರಿನ ಕೀಲಿ ಕೈಗೆ ತೆಗೆದುಕೊಂಡರು. "ಹಾಗಿದ್ರೆ ಎದ್ದೇಳು. ಕತ್ತಲಾಗೋಕೆ ಇನ್ನೂ ಒಂದೂವರೆ ಗಂಟೆ ಇದೆ. ಇಪ್ಪತ್ತು ಸಲ ರಿವರ್ಸ್ ಮಾಡಬಹುದು."

ಎರರಣ್ಣ ತಾರೀಖು ಒತ್ತಿ, ಕೌಂಟರು ಮುಚ್ಚಿ ಅವರ ಹಿಂದೆ ನಡೆದ. ಕಾರಿನ ಬಳಿ ಬಂದು ಹಿಂದಿನ ಬಾಗಿಲಿಗೆ ಕೈ ಹಾಕಿದವನು, ಕೈ ತೆಗೆದು, ಮುಂದಿನ ಬಾಗಿಲು ತೆರೆದು ಅತ್ತೆಯ ಪಕ್ಕ ಕೂತ.